ಏಡಿ ಬೇಟೆಯಲ್ಲಿ ನನ್ನ ಪಾಲು

ಪ್ರಶ್ನೆ ಕೇಳಿ ಹೊಟ್ಟೆ ಹೊರೆಯುವವರಿಗೆ ಒಂದು ತೊಂದರೆ ಇದೆ. ಮನೆಗೆ ಬಂದ ಮೇಲೂ ನಾಲಿಗೆಯ ಡ್ಯೂಟಿ ಮುಗಿದಿರುವುದಿಲ್ಲ. ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಕೇಳದೆ ಒಂದು ಸಾಲೂ ಬರೆಯಬಾರದೆಂದು ಕೆಲಸಕ್ಕೆ ಸೇರಿದ ವಾರವೇ ನನಗೆ ಕಲಿಸಿದ್ದರು. ಮಧುಗಿರಿಯಲ್ಲಿ ಪತ್ರಿಕೆಯೊಂದರ ವರದಿಗಾರ್ತಿಯಾಗಿ ಈ ಪ್ರಶ್ನೆಗಳನ್ನು ಅಧಿಕಾರಿಗಳಿಗೆ ಕೇಳಿದ್ದೇನೆ, ಸಿಕ್ಕಿಬಿದ್ದ ಕಳ್ಳರಿಗೆ ಕೇಳಿದ್ದೇನೆ, ಹೆಣ್ಣು ನೋಡಲು ಬಂದ ದಿನ ಈಗಿನ ಗಂಡನಿಗೂ ಕೇಳಿದ್ದೇನೆ. ಯಾರೂ ಬೇಸರ ಮಾಡಿಕೊಂಡವರಲ್ಲ. ಬೇಸರ ಮಾಡಿಕೊಂಡವರು ನಮ್ಮ ಮಾವನವರು ಒಬ್ಬರೇ; ಅದೂ ಒಂದು ಭಾನುವಾರ ಬೆಳಿಗ್ಗೆ, ನಮ್ಮದೇ ಜಗಲಿಯ ಮೇಲೆ.

ಹಿಂದಿನ ದಿನ ಜೋರು ಮಳೆಯಾಗಿತ್ತು. ಮಾವನವರು ತುದಿ ಬಗ್ಗಿಸಿದ ಕಬ್ಬಿಣದ ಕಂಬಿ ಹಿಡಿದು, ಪಕ್ಕದ ಮನೆಯ ನಾಗಕ್ಕನ ಜೊತೆ ಮೆಟ್ಟಿಲು ಇಳಿಯುತ್ತಿದ್ದರು. ನಾಗಕ್ಕನ ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಮದುವೆಯಾಗಿ ಬಂದ ಹೊಸತು, ಪ್ರೀತಿಯಿಂದಲೇ ಕೇಳಿದೆ: "ಎಲ್ಲಿಗೆ ಹೊರಟ್ರಿ ಮಾವ?"

ಮಾವನವರು ನಿಂತರು. ಕಂಬಿಯನ್ನು ಗೋಡೆಗೆ ಒರಗಿಸಿದರು. ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಆನಿಕೊಂಡು ಕುಳಿತು ಒಂದು ಲೋಟ ನೀರು ಕೇಳಿದರು. ನಾಗಕ್ಕ ಬಾಗಿಲಲ್ಲೇ ತಲೆ ಚಚ್ಚಿಕೊಂಡರು. ಅವರು ಪಾವಗಡದ ಕಡೆಯವರು, ಕೋಪ ಬಂದರೆ ತೆಲುಗು ಮುಂದೆ ಬರುತ್ತದೆ. "ಅಯ್ಯೋ ದೇವುಡಾ! ಬ್ಯಾಟೆಗೆ ಹೊಂಟೋರನ್ನ ಎಲ್ಲಿಗೆ ಅಂತ ಕೇಳ್ತಾರೇನಮ್ಮ? ಇವತ್ತು ಒಂದ್ ಏಡಿನೂ ಸಿಗಕಿಲ್ಲ ಬುಡು."

ಬೇಟೆ ಎಂದರೆ ಗಾಬರಿಯಾಗಬೇಡಿ. ಕಾಡುಪ್ರಾಣಿ ಹೊಡೆದರೆ ಜೈಲು; ಅಂಥ ಸುದ್ದಿಗಳನ್ನು ನಾನೇ ಬರೆದಿದ್ದೇನೆ. ಇವರದು ಹಳ್ಳದ ದಂಡೆಯಲ್ಲಿ ಬಿಲ ತೋಡಿಕೊಂಡಿರುವ ಏಡಿಗಳ ಬೇಟೆ. ಹಾಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಬೇಟೆ ಕೆಟ್ಟಿತೆಂದೇ ಲೆಕ್ಕ. ವಾಪಸ್ ಬಂದು, ಕೂತು, ನೀರು ಕುಡಿದು ಹೊಸದಾಗಿ ಹೊರಡಬೇಕು.

ನನಗೆ ಸಿಟ್ಟು ಬರಲು ಕಾರಣವಿತ್ತು. ನಮ್ಮ ಮಾವ ಶಿರಾದಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸಿನ ನಿವೃತ್ತ ಕಂಡಕ್ಟರು! "ಜೀವಮಾನವಿಡೀ ಸಿಕ್ಕಸಿಕ್ಕವರನ್ನೆಲ್ಲ ಎಲ್ಲಿಗೆ ಎಲ್ಲಿಗೆ ಅಂತ ಕೇಳಿದ್ದೀರಲ್ಲ ಮಾವ, ಆಗ ಅವರ ಕೆಲಸಗಳೆಲ್ಲ ಕೆಟ್ಟಿರಬೇಕಲ್ವಾ?" ಎಂದೆ. ಅವರು ನೀರಿನ ಲೋಟ ಕೆಳಗಿಟ್ಟು, "ಅವರ್ಯಾರೂ ಏಡಿ ಹಿಡಿಯಕ್ಕೆ ಹೊಂಟಿರ್ಲಿಲ್ಲ ಕಣಮ್ಮ" ಎಂದು ಎದ್ದರು. ಹೊಸ್ತಿಲು ದಾಟುವಾಗ ಹಳೆಯ ಅಭ್ಯಾಸದಂತೆ "ರೈಟ್ ರೈಟ್" ಎಂದರು. ಹೊರಟೇ ಹೋದರು.

ಆ ವಾರವೇ ನಾನು ಶಕುನಗಳನ್ನು ಗೇಲಿ ಮಾಡಿ ಭಾನುವಾರದ ಪುಟಕ್ಕೊಂದು ಲೇಖನ ಬರೆದೆ. ಮಾವನವರು ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಬಕೆಟ್ಟಿನ ತಳಕ್ಕೆ ಹಾಸಿದರು.

ಮುಂದಿನ ಮಳೆಗೆ ನಾನೂ ಬರುತ್ತೇನೆಂದೆ. ಒಂದು ನುಡಿಚಿತ್ರಕ್ಕೆ ಸಾಮಗ್ರಿಯಾದೀತು ಎಂಬುದಷ್ಟೇ ಆಸೆ. ಮನೆಯಿಂದ ಬೇರೆ ಯಾರೂ ಹೋಗುವವರಿರಲಿಲ್ಲ. ನನ್ನ ಗಂಡನಿಗೆ ಏಡಿ ಸಾರು ಪ್ರಾಣ, ಏಡಿ ಕಂಡರೆ ಪ್ರಾಣಭಯ. ಹಳ್ಳದ ದಾರಿಯಲ್ಲಿ ಹೊಂಗೆಯ ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಪೊದೆಯೊಳಗೆ ಗೌಜಲಕ್ಕಿ ಕೂಗುತ್ತಿತ್ತು. ದೂರದ ಮಧುಗಿರಿ ಬೆಟ್ಟ ಆಗತಾನೇ ಸ್ನಾನ ಮಾಡಿದ ಬೋಳುತಲೆಯಂತೆ ಹೊಳೆಯುತ್ತಿತ್ತು. ಆ ಬೆಟ್ಟದ ಬುಡದಲ್ಲೇ ಕುಳಿತು ಇಷ್ಟು ದಿನ ಸುದ್ದಿ ಬರೆದಿದ್ದೇನೆ, ತಲೆಯೆತ್ತಿ ನೋಡಿದ್ದು ಅಂದೇ.

ಮಾವನವರು ಕಂಬಿಯಿಂದ ಕೆದಕಿ ಬಾಯಿ ಅಗಲ ಮಾಡಿದ ಒಂದು ಬಿಲವನ್ನು ನಾಗಕ್ಕ ತೋರಿಸಿ, "ಊ, ಹಾಕು ಕೈ" ಎಂದರು.

"ಒಳಗೆ ಏಡಿಯೇ ಇದೆ, ಹಾವಲ್ಲ ಅನ್ನೋದಕ್ಕೆ ಆಧಾರ ಏನು?"

"ಕಚ್ಚಿದ್ ಮ್ಯಾಲೆ ಗೊತ್ತಾಯ್ತದೆ."

ಒಂದೇ ಮೂಲವನ್ನು ನಂಬಿ ಮುಂದುವರಿಯಬಾರದೆಂಬುದು ನಮ್ಮ ವೃತ್ತಿಯ ನಿಯಮ. ನಾನು ಕೈ ಹಾಕಲಿಲ್ಲ. ಬದಲಿಗೆ ಏಡಿಯ ಆಯಸ್ಸು, ಆಹಾರ, ಸಂಸಾರ ಎಲ್ಲ ವಿಚಾರಿಸಿದೆ. "ಚಾಲಮ್ಮ, ಚಾಲು!" ಎಂದರು ನಾಗಕ್ಕ. ಸಾಕು ಎಂದು ಅರ್ಥ.

ಬೇಟೆ ಮುಗಿದ ಮೇಲೆ ಹಾಸುಬಂಡೆಯ ಮೇಲೆ ಪಾಲು ಹಾಕುವುದು ಪದ್ಧತಿ. ಕಚ್ಚದಂತೆ ಕೊಂಬು ಮುರಿದ ಏಡಿಗಳನ್ನು ನಾಗಕ್ಕ ಒಂದು ಆ ಕಡೆ, ಒಂದು ಈ ಕಡೆ ಎಂದು ಗುಡ್ಡೆ ಮಾಡಿದರು. ಗುಡ್ಡೆ ಎರಡೇ. ನಾನು ಮೂರನೆಯದಕ್ಕಾಗಿ ಬಂಡೆಯ ಖಾಲಿ ಜಾಗವನ್ನೇ ನೋಡುತ್ತಿದ್ದೆ.

"ಕೈ ಹಾಕ್ದೋರ್ಗೆ ಪಾಲು ಕಣಮ್ಮ. ನೀನು ಬರೀ ಪ್ರಶ್ನೆ ಹಾಕ್ದೆ" ಎಂದರು ನಾಗಕ್ಕ. ಮಾವನವರು ಸಮಾಧಾನಕ್ಕೆ, "ನಮ್ ಗುಡ್ಡೆನಾಗೇ ಉಣ್ಣೀಯಂತೆ ಬಾ" ಎಂದರು. ಅಂದು ರಾತ್ರಿ ಸಾರು ಸೊಗಸಾಗಿತ್ತು. ಆದರೆ ಅದನ್ನು ಉಣ್ಣುವುದು ಬೇರೆಯವರ ವರದಿಗೆ ನನ್ನ ಹೆಸರು ಹಾಕಿಕೊಂಡಂತಿತ್ತು. ಗಂಡ ಮಾತ್ರ ಅಂಥ ಯಾವ ಸಂಕೋಚವೂ ಇಲ್ಲದೆ ಎರಡನೆಯ ಸಲ ಬಡಿಸಿಕೊಂಡ. ನನಗೂ ಒಂದು ಗುಡ್ಡೆ ಬೇಕು ಎಂಬ ಹಟ ಹತ್ತಿದ್ದು ಆಗ. ಸಂಬಳ ಹೆಚ್ಚಿಸಿ ಎಂದು ಕೂಡ ನಾನು ಅಷ್ಟು ಹಟ ಮಾಡಿದವಳಲ್ಲ.

ಆಮೇಲೆ ನಾನು ಮಳೆ ಕಾಯತೊಡಗಿದೆ. ಕಚೇರಿಯಲ್ಲಿ ಮಳೆಯ ವರದಿ ಬರೆಯುವಾಗ ಬೆಳೆಗಿಂತ ಮೊದಲು ಬಿಲಗಳು ನೆನಪಾಗುತ್ತಿದ್ದವು. ಕೊರಟಗೆರೆಯ ಕಡೆ ಮೋಡ ಕಟ್ಟಿದರೆ ಸಭೆಯ ನಡುವೆಯೇ ಕಿಟಕಿಗೆ ಹೋಗುತ್ತಿದ್ದೆ. ಹಳ್ಳದಲ್ಲಿ ಬಾಯಿ ಮುಚ್ಚಿಕೊಂಡು ನಡೆಯುವುದನ್ನು ಕಲಿತೆ. ಬಾಯಿ ಮುಚ್ಚಿದರೆ ಕಿವಿ ಎಷ್ಟು ಕೆಲಸ ಮಾಡುತ್ತದೆಂಬುದು ನನಗಂತೂ ಹೊಸ ಸುದ್ದಿ. ಕೈ ಮಾತ್ರ ಬಿಲದ ಬಾಯಿಯವರೆಗೆ ಹೋಗಿ ವಾಪಸ್ ಬರುತ್ತಿತ್ತು. ಬಂಡೆಯ ಮೇಲೆ ಗುಡ್ಡೆ ಎರಡೇ ಬೀಳುತ್ತಿದ್ದವು.

ಕೊನೆಗೊಂದು ಬೆಳಿಗ್ಗೆ, ಅವರಿಬ್ಬರೂ ಮುಂದೆ ಹೋಗಿದ್ದಾಗ, ಒಂದು ಬಿಲದ ಬಾಯಲ್ಲಿ ಹಸಿಮಣ್ಣು ಅಲುಗಿದ್ದು ಕಂಡಿತು. ಕಣ್ಣು ಮುಚ್ಚಿ ಮೊಣಕೈವರೆಗೆ ಕೈ ತೂರಿಸಿದೆ. ತಣ್ಣನೆಯ ಕೆಸರು, ಆಮೇಲೆ ಗಟ್ಟಿಯಾದದ್ದೇನೋ, ಆಮೇಲೆ ನನ್ನ ತೋರುಬೆರಳು ಮತ್ತು ಜಗತ್ತಿನ ಎಲ್ಲ ನೋವು. ನಾನು ಕಿರುಚಿದ್ದು ತೋವಿನಕೆರೆಯವರೆಗೆ ಕೇಳಿಸಿತೆಂದು ನಾಗಕ್ಕ ಇಂದಿಗೂ ಹೇಳುತ್ತಾರೆ. ಕೈ ಹೊರಗೆಳೆದಾಗ ಬೆರಳಿಗೆ ಅಂಗೈಯಗಲದ ಏಡಿ ನೇತಾಡುತ್ತಿತ್ತು. ಯಾರು ಯಾರನ್ನು ಹಿಡಿದರು ಎಂಬುದು ವಾದಕ್ಕೆ ಬಿಟ್ಟ ವಿಷಯ.

ಮಾವನವರು ಓಡಿ ಬಂದು ಬಿಡಿಸಿದರು. ನಾಗಕ್ಕ ಬೆರಳನ್ನೂ ನೋಡಿದರು, ಏಡಿಯನ್ನೂ ನೋಡಿದರು. ಏಡಿಯನ್ನೇ ಹೆಚ್ಚು ಹೊತ್ತು ನೋಡಿದರು. ಬಂಡೆಯ ಮೇಲೆ ಆ ದಿನ ಮೂರು ಗುಡ್ಡೆ. "ಇದು ಪೇಪರಮ್ಮಂದು" ಎಂದು ಮೂರನೆಯದನ್ನು ನನ್ನ ಕಡೆ ಸರಿಸಿದರು. ನನ್ನ ಹೆಸರು ಮೊದಲ ಸಲ ಅಚ್ಚಾದ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. ಉದ್ದೇಶಿಸಿದ್ದ ನುಡಿಚಿತ್ರವನ್ನು ಮಾತ್ರ ಬರೆಯಲಿಲ್ಲ. ಬರೆದರೆ ಜನ ನಮ್ಮ ಹಳ್ಳಕ್ಕೆ ಬಂದುಬಿಡುತ್ತಾರೆ.

ಮೊನ್ನೆ ಭಾನುವಾರ. ರಾತ್ರಿಯಿಡೀ ಮಳೆ ಸುರಿದಿತ್ತು, ಮತ್ತೆ ಮೋಡ ಕವಿಯುತ್ತಿತ್ತು. ಮೂವರೂ ಮೆಟ್ಟಿಲು ಇಳಿದಿದ್ದೆವು. ನನ್ನ ಕೈಯಲ್ಲಿ ನನ್ನದೇ ಕಂಬಿ. ಆಗ ಫೋನ್ ಬಂತು, ಸಂಪಾದಕರದು. ಎತ್ತಿದೆ. ಕಂಬಿಯ ಸದ್ದು, ನಾಗಕ್ಕನ ಅವಸರದ ಮಾತು ಅವರಿಗೆ ಕೇಳಿಸಿರಬೇಕು. "ಏನ್ರೀ, ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೊರಟಿದ್ದೀರಿ?" ಎಂದರು.

ಮಾವನವರು ಆಕಾಶ ನೋಡಿದರು. "ಫೋನ್ನಾಗೆ ಕೇಳಿದ್ದು ಲೆಕ್ಕಕ್ಕಿಲ್ಲ, ನಡಿಯಮ್ಮ, ಮಳೆ ಬಂದ್ಬುಡ್ತದೆ" ಎಂದರು.

"ಹೌದು, ಅಂಗೆಲ್ಲ ನಂಬಬಾರ್ದು ಅಂತ ನೀನೇ ಬರ್ದಿದ್ಯಂತಲ್ಲ" ಎಂದರು ನಾಗಕ್ಕ.

ಇಬ್ಬರೂ ಬಾಗಿಲ ಕಡೆ ತಿರುಗಿ ಕಾದರು. ನಾನು ಅಷ್ಟರಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಗೋಡೆಗೆ ಆನಿಕೊಂಡು ಕುಳಿತಿದ್ದೆ. ಫೋನಿನಲ್ಲಿ ಸಂಪಾದಕರು "ಹಲೋ, ಹಲೋ" ಎನ್ನುತ್ತಲೇ ಇದ್ದರು.

"ಒಂದು ನಿಮಿಷ ಸರ್," ಎಂದೆ, "ನೀರು ಕುಡಿದು ಹೇಳ್ತೀನಿ."