ನೀರು ಯಾವ ಸಂಧಿ?

ಮಕ್ಕಳಿಗೆ ಕಲಿಸುವವರು ನಗಿಸುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ದಿನಾ ಬಾಗಿಲಿಗೆ ಬರುತ್ತವೆ. ಕಷ್ಟ ಏನೆಂದರೆ ಅವು ಬರುವ ಹೊತ್ತಿಗೆ ನಗುವಷ್ಟು ತ್ರಾಣ ನಮ್ಮಲ್ಲಿ ಉಳಿದಿರುವುದಿಲ್ಲ. ಮನೆಗೆ ಹೋಗಿ ಕಾಲು ಚಾಚಿ ಚಹಾ ಕುಡಿದ ಮೇಲೆ ನಗು ಬರುತ್ತದೆ. ಆಗ ಮನೆಯವರು, ಒಬ್ಬಾಕೀನೇ ಯಾಕ ನಗತಿ ಅನ್ನುತ್ತಾರೆ. ಅದನ್ನು ವಿವರಿಸುವಷ್ಟರಲ್ಲಿ ಮತ್ತೆ ದಣಿವು.

ನಾನು ಕನ್ನಡ ಕಲಿಸುವವಳು. ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ, ಶಾಲೆ ಕಮಲಾಪುರದಲ್ಲಿ. ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಪದ್ಯ ಕಲಿಸುತ್ತೇನೆ, ನಿಂತು ಬಂದ ದಿನ ವ್ಯಾಕರಣ. ಈ ವರ್ಷ ಸೀಟು ಸಿಕ್ಕದ್ದೇ ಕಡಿಮೆ. ಹಾಗಾಗಿ ಒಂಬತ್ತನೇ ತರಗತಿಯ ಮಕ್ಕಳು ಸಂಧಿ ಪ್ರಕರಣದಲ್ಲಿ ಭಾರೀ ಗಟ್ಟಿಯಾಗಿಬಿಟ್ಟರು.

ಗಟ್ಟಿಯಾಗದೆ ಸೋತದ್ದು ಶಾಲೆಯ ಹಾಜರಿ. ಊರಿನ ತಂದೆ ತಾಯಿಗಳು ಒಬ್ಬೊಬ್ಬರಾಗಿ ತಮ್ಮ ಮಕ್ಕಳನ್ನು ಕಲಬುರಗಿಯ ಶಾಲೆಗಳ ಹಳದಿ ಬಸ್ಸಿಗೆ ಹತ್ತಿಸತೊಡಗಿದರು. ಮಕ್ಕಳು ಕಡಿಮೆಯಾದರೆ ಶಿಕ್ಷಕರು ಹೆಚ್ಚಾಗುತ್ತಾರೆ. ಹಾಗೆ ಹೆಚ್ಚಾದವರಿಗೆ 'ಹೆಚ್ಚುವರಿ' ಅನ್ನುತ್ತಾರೆ, ಅವರನ್ನು ಎಲ್ಲಿಗೆ ಬೇಕಾದರೂ ಎತ್ತಿ ಹಾಕಬಹುದು. ನಮ್ಮಲ್ಲಿ ಕನ್ನಡಕ್ಕೆ ಇಬ್ಬರು, ಅದರಲ್ಲಿ ಕಿರಿಯಳು ನಾನು. ನನಗಾಗಿ ಜಿಲ್ಲೆಯ ಇನ್ನೊಂದು ತುದಿಯ ಊರೊಂದರ ಹೆಸರು ಕೇಳಿಬರುತ್ತಿತ್ತು. ಅಲ್ಲಿಗೆ ಇವತ್ತು ಹೋದ ಬಸ್ಸು ನಾಳೆ ತಿರುಗಿ ಬರುತ್ತದಂತೆ.

ಹೆಡ್ ಮಾಸ್ತರರು ಒಂದು ಉಪಾಯ ಹುಡುಕಿದರು. ಪಾಲಕರನ್ನು ಕರೆಸುವುದು, ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಎಲ್ಲಾ ವಿಷಯಗಳಲ್ಲಿ ತರಗತಿಯಲ್ಲಿ ಏನೇನು ಮಾಡಿದ್ದೇವೆ ಎಂದು ಅವರ ಮುಂದೆ ಹೇಳುವುದು. ಮಕ್ಕಳ ಬಾಯಿಂದ ಕೇಳಿದರೆ ಪಾಲಕರು ಕರಗುತ್ತಾರೆ ಎಂದು ಅವರ ನಂಬಿಕೆ. ಆರಿಸಿದ್ದು ಬಸ್ ನಿಲ್ದಾಣದ ಹತ್ತಿರ ಕೆಂಪು ಬಾಳೆಹಣ್ಣು ಮಾರುವ ಹೆಂಗಸಿನ ಮಗಳನ್ನು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ಅಂಜಿಕೆ ಇಲ್ಲದ ಹುಡುಗಿ. ಆಕೆಯನ್ನು ತಯಾರು ಮಾಡುವ ಕೆಲಸ ನನಗೆ ಬಿತ್ತು. "ಹೋಗೋರು ನೀವು. ಉಳೀಬೇಕಂದ್ರ ನೀವೇ ಕಾಳಜಿ ತಗೋರಿ," ಅಂದರು ಹೆಡ್ ಮಾಸ್ತರರು.

ಕರ್ಪೂರ

ಮೊದಲ ದೂರು ತಂದವರು ವಿಜ್ಞಾನದ ಸರ್. ಅವರು ಕೋಟನೂರಿನಿಂದ ಬರುವವರು. ಇಡೀ ಕಲಬುರಗಿ ದಾಟಿದ ಮೇಲೆ ಅವರಿಗೆ ಕಮಲಾಪುರದ ಬಸ್ಸು ಸಿಗುವುದರಿಂದ ಶಾಲೆಗೆ ಬರುವಾಗಲೇ ಅರ್ಧ ದಿನ ದುಡಿದವರಂತೆ ಕಾಣುತ್ತಾರೆ. ಕಿರುಪರೀಕ್ಷೆಯ ಉತ್ತರದ ಹಾಳೆಯನ್ನು ನನ್ನ ಮುಂದೆ ಇಟ್ಟು, "ಮೇಡಂ, ನಿಮ್ಮ ದನ ನಮ್ಮ ಹೊಲದಾಗ ಬಂದದ," ಅಂದರು.

ನೀರು ಹೇಗೆ ಉಂಟಾಗುತ್ತದೆ ಎಂಬುದು ಪ್ರಶ್ನೆ. ನಮ್ಮ ಹುಡುಗಿ ಬರೆದಿದ್ದಳು: ಜಲಜನಕ ಮತ್ತು ಆಮ್ಲಜನಕ ಸೇರಿದಾಗ ಎರಡೂ ತಮ್ಮ ರೂಪದಲ್ಲಿ ಉಳಿಯದೆ ಅವುಗಳ ಜಾಗಕ್ಕೆ ನೀರು ಬರುವುದರಿಂದ ಇದು ಆದೇಶ ಸಂಧಿ. ಅದರ ಕೆಳಗೆ, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಆಗಮ ಸಂಧಿ, ಏಕೆಂದರೆ ಆಮ್ಲಜನಕ ಹೊರಗಿನಿಂದ ಬಂದಿದೆ. ಕರ್ಪೂರ ಇಟ್ಟಲ್ಲೇ ಇಲ್ಲವಾಗುವುದು ಲೋಪ ಸಂಧಿ.

ನಾನು ಎರಡು ಸಲ ಓದಿದೆ. ಹುಡುಗಿಯನ್ನು ಕರೆಸಿ, ಹಿಂಗ್ಯಾಕ ಬರದಿ ಎಂದು ಕೇಳಿದೆ.

"ಎರಡು ಕೂಡಿ ಬ್ಯಾರೆ ಒಂದು ಆದ್ರ ಸಂಧಿ ಅಂತ ನೀವೇ ಹೇಳೀರಲ್ರೀ ಟೀಚರ್. ಅಕ್ಷರಕ್ಕ ಅಷ್ಟೇ ಅಂತ ಹೇಳಿಲ್ರೀ."

ಹೌದು, ಹೇಳಿರಲಿಲ್ಲ. ಸರ್ ನನ್ನ ಮುಖ ನೋಡಿದರು. "ಇದು ಸರಿನೋ ತಪ್ಪೋ, ನೀವೇ ಹೇಳ್ರಿ."

"ವ್ಯಾಕರಣ ಸರಿ ಅದರೀ," ಅಂದೆ.

ಅವರು ಪೆನ್ನು ತೆಗೆದು ಅರ್ಧ ಅಂಕ ಹಾಕಿದರು. "ಉಳಿದ ಅರ್ಧ ನಿಮ್ಮ ವಿಷಯದಾಗ ಕೊಟ್ಕೋರಿ," ಅಂದು ಹೋದರು.

ರಾಜಧಾನಿಯ ವರ್ಗಾವಣೆ

ಆಮೇಲೆ ಸಮಾಜ ವಿಜ್ಞಾನದ ಮೇಡಂ ಮಕ್ಕಳನ್ನು ಕಲಬುರಗಿಯ ಕೋಟೆಗೆ ಕರೆದುಕೊಂಡು ಹೊರಟರು. ಆ ಕೆಲಸವನ್ನೂ ಪಾಲಕರ ಮುಂದೆ ತೋರಿಸಬಹುದು ಎಂದು ಅವರ ಆಸೆ. ಜೊತೆಗೆ ನನ್ನನ್ನೂ ಎಳೆದರು. ದಿನಾ ಕಲಬುರಗಿಯಿಂದ ಕಮಲಾಪುರಕ್ಕೆ ಬರುವ ನಾನು ಅವತ್ತು ಕಮಲಾಪುರಕ್ಕೆ ಬಂದು, ಮಕ್ಕಳನ್ನು ಎಣಿಸಿಕೊಂಡು, ತಿರುಗಿ ಕಲಬುರಗಿಗೆ ಹೋಗಿ, ಅವರನ್ನು ಮುಟ್ಟಿಸಲು ಮತ್ತೆ ಕಮಲಾಪುರಕ್ಕೆ ಬಂದು, ಮನೆಗೆಂದು ಮತ್ತೆ ಕಲಬುರಗಿಗೆ ಹೋದೆ. ಕಂಡಕ್ಟರ್ ನನ್ನನ್ನು ನೋಡಿ, "ಅಕ್ಕಾರ, ಏನರ ಕಳಕೊಂಡೀರೇನು?" ಅಂದ.

ಕೋಟೆಯೊಳಗೆ ಮಸೀದಿಯ ಕಮಾನುಗಳ ಕೆಳಗೆ ತಂಪಾಗಿತ್ತು. ಮಕ್ಕಳು ಕೂತರು, ನಾನು ಕಂಬಕ್ಕೆ ಒರಗಿದೆ. ಮೇಡಂ ಬಹಮನಿ ಸುಲ್ತಾನರ ವಿಷಯವನ್ನು ಚೆನ್ನಾಗಿಯೇ ಹೇಳಿದರು. ಕೊನೆಗೆ ಕೇಳಿದರು, "ಇಷ್ಟು ಛಲೋ ಕೋಟೆ ಇಲ್ಲಿ ಕಟ್ಟಿದ ಮ್ಯಾಲೂ ರಾಜಧಾನಿ ಬೀದರಕ್ಕ ಯಾಕ ಹೋತು? ಯಾರು ಹೇಳ್ತೀರಿ?"

ನೀರು, ಹವೆ, ಭದ್ರತೆ ಎಂದು ಯಾರಾದರೂ ಹೇಳಿಯಾರೆಂದು ಅವರು ಕಾದರು. ಬಾಳೆಹಣ್ಣಿನವರ ಮಗಳು ಕೈ ಎತ್ತಿದಳು.

"ಇಲ್ಲಿ ಹೆಚ್ಚುವರಿ ಆಗಿರಬೇಕ್ರೀ."

ಮಕ್ಕಳು ನಗಲಿಲ್ಲ. ಅವರಿಗೆ ಅದು ಸರಿಯಾದ ಉತ್ತರದಂತೆಯೇ ಕೇಳಿಸಿತು. ಶಿಕ್ಷಕರ ಕೋಣೆಯ ಕಿಟಕಿ ಅವರ ತರಗತಿಯ ಕಡೆಗೇ ತೆರೆದಿರುತ್ತದೆ, ನಮ್ಮ ಗೋಳು ಅವರಿಗೆ ಬಾಯಿಪಾಠವಾಗಿದೆ. ಮೇಡಂ ಬೈಯಲು ಬಾಯಿ ತೆರೆದವರು ಯಾಕೋ ನಿಂತರು. ಕಮಾನುಗಳನ್ನು ಒಂದು ಸುತ್ತು ನೋಡಿ, ನನಗಷ್ಟೇ ಕೇಳುವಂತೆ, "ಪುಣ್ಯವಂತರು ನೋಡ್ರಿ. ವರ್ಗಾವಣೆ ಕೌನ್ಸೆಲಿಂಗಿಗೆ ಸರತಿ ಹಚ್ಚದೇ ಹೋದ್ರು," ಅಂದರು.

ಎರಡು ನಕ್ಕೋ

ಮರುದಿನ ಸಂಜೆ ಬಸ್ಸಿಗೆ ನಿಂತಿದ್ದಾಗ ಹುಡುಗಿಯ ತಾಯಿ ಬಾಳೆಹಣ್ಣಿನ ಗಾಡಿ ಬಿಟ್ಟು ನನ್ನ ಬಳಿ ಬಂದಳು. ಮುಖ ಸರಿ ಇರಲಿಲ್ಲ.

"ಕ್ಯಾ ಸಿಖಾರೇ ಟೀಚರ್ ತುಮೇ? ಏನ್ ಕಲಸಾಕತ್ತೀರಿ ನಮ್ಮ ಛೋಕ್ರಿಗಿ?"

ಏನಾಯ್ತು ಎಂದೆ.

"ಕೋಟೆಗಿ ಹೋಗ್ತೀನಿ ಅಂದ್ಳು. ಅವರಬ್ಬಾ ನಕ್ಕೋ ಅಂದ್ರು, ಬ್ಯಾಡ ಅಂತ. ನಾನೂ ನಕ್ಕೋ ಅಂದೆ. ಆದ್ರೂ ಹೋಗ್ಯಾಳ. ಬಂದ ಮ್ಯಾಲ ಕೇಳಿದ್ರ, ಎರಡು ನಕ್ಕೋ ಕೂಡಿದ್ರ ಹೌದು ಆಗ್ತದ, ಲೆಕ್ಕದಾಗ ಅದ ಅಂತಾಳ. ಹೌದೇನ್ರೀ?"

ಋಣ ಋಣ ಗುಣಿಸಿದರೆ ಧನ ಎಂಬುದು ಇಲ್ಲಿಗೆ ಬಂದು ಮುಟ್ಟಿತ್ತು. ನನ್ನ ಪಕ್ಕದಲ್ಲೇ ಗಣಿತದ ಸರ್ ಬಸ್ಸಿಗೆ ಕಾಯುತ್ತಿದ್ದರು. ಹುಡುಗಿ ತಪ್ಪು ಮಾಡಿದಳು ಎಂದು ಒಂದು ಮಾತು ಹೇಳಿ ತಾಯಿಯನ್ನು ಸಮಾಧಾನ ಮಾಡಲಿ ಎಂದು ಅವರ ಕಡೆ ನೋಡಿದೆ. ಅವರು ಮುಂದೆ ಬಂದು ಗಂಭೀರವಾಗಿ, "ಹಂಗಲ್ಲ ಬಾಯಿ. ಕೂಡಿಸಿದ್ರ ನಕ್ಕೋನೇ ಉಳೀತದ, ಇನ್ನೂ ದೊಡ್ಡ ನಕ್ಕೋ ಆಗ್ತದ. ಗುಣಿಸಿದ್ರ ಮಾತ್ರ ಹೌದು. ನೀವು ಇಬ್ಬರೂ ಕೂಡೇ ಅಂದ್ರೋ, ಬ್ಯಾರೆ ಬ್ಯಾರೆ ಅಂದ್ರೋ?" ಎಂದು ಕೇಳಿದರು.

ಆಕೆ ಬೆರಳು ಮಡಚಿ ಎಣಿಸಿದಳು. "ಅವರು ಮೊನ್ನೆ ಮುಂಜಾನೆ ಅಂದ್ರು. ನಾನು ಮಧ್ಯಾಹ್ನ ಅಂದೆ."

"ಹಂಗಾದ್ರ ಕೂಡಿಸಿದಂಗ. ಆಕೀದು ತಪ್ಪು."

ತಾಯಿಗೆ ನೆಮ್ಮದಿಯಾಯಿತು. ಮನೆಗೆ ಹೋಗಿ ಮಗಳಿಗೆ ಇದನ್ನೇ ಹೇಳಿದಳಂತೆ. ಮುಂದಿನ ಸಲ ಏನಾದರೂ ಕೇಳಬೇಕಾದಾಗ ಮಗಳು ಅಬ್ಬಾ ಅಮ್ಮಿ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುವ ತನಕ ಕಾದಳಂತೆ.

ಹದ್ದುಬಸ್ತು

ಕಾರ್ಯಕ್ರಮ ಹತ್ತಿರ ಬಂದಂತೆ ಎಲ್ಲರಿಗೂ ಭಯ ಹತ್ತಿತು. ಶಿಕ್ಷಣ ಇಲಾಖೆಯ ಸಾಹೇಬರೂ ಬರುತ್ತಾರೆ ಎಂದು ಸುದ್ದಿ. ಹುಡುಗಿಯನ್ನು ನಡುವೆ ನಿಲ್ಲಿಸಿ ಶಿಕ್ಷಕರೆಲ್ಲ ಸೇರಿ, ಯಾವ ವಿಷಯದ್ದು ಆ ವಿಷಯದಲ್ಲೇ ಇರಬೇಕು, ಒಂದರಿಂದ ಇನ್ನೊಂದಕ್ಕೆ ಕಾಲಿಡಬಾರದು ಎಂದು ಹೊಲಕ್ಕೆ ಹದ್ದಿನ ಕಲ್ಲು ಹಾಕಿದ ಹಾಗೆ ಹೇಳಿದರು. ಆಕೆ ಎಲ್ಲದಕ್ಕೂ ತಲೆಯಾಡಿಸಿದಳು. ಒಂದೇ ಒಂದು ಸಂಶಯ ಇತ್ತು.

"ಲೀಟರ್ ಯಾರ್ದುರೀ? ಗಣಿತದ್ದೋ, ವಿಜ್ಞಾನದ್ದೋ?"

ಗಣಿತದ ಸರ್, ನಮ್ದು ಅಂದರು. ವಿಜ್ಞಾನದ ಸರ್, ಅಳೆಯುವ ಪಾತ್ರೆ ನಮ್ಮ ಕಪಾಟಿನಲ್ಲಿದೆ ಅಂದರು. ಪಾತ್ರೆ ಇದ್ದರೆ ಅಳತೆ ನಿಮ್ಮದಾಗುತ್ತದೇನು ಎಂದು ಇವರು. ಖಾಲಿ ಅಳತೆ ಇಟ್ಟುಕೊಂಡು ಏನು ಕುಡಿಯುತ್ತೀರಿ ಎಂದು ಅವರು. ಹುಡುಗಿ ಅವರ ಮುಖ ಇವರ ಮುಖ ನೋಡುತ್ತ ನಿಂತಿದ್ದಳು. ಹೆಡ್ ಮಾಸ್ತರರು ಒಳಗಿನಿಂದ ಬಂದು, ನಿಂತಲ್ಲೇ ತೀರ್ಪು ಕೊಟ್ಟರು: "ಮೊದಲ ಪಿರಿಯಡ್ಡಿನ್ಯಾಗ ಗಣಿತದ್ದು, ಊಟ ಆದ ಮ್ಯಾಲ ವಿಜ್ಞಾನದ್ದು. ಇನ್ನ ನಡೀರಿ."

ಸಾಹೇಬರ ಪ್ರಶ್ನೆ

ಆ ದಿನ ಪಾಲಕರು ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಬಂದರು. ಮುಂದಿನ ಸಾಲಿನಲ್ಲಿ ಸಾಹೇಬರು. ಅವರ ಹಿಂದೆ ಒಬ್ಬ ತೊಗರಿ ವ್ಯಾಪಾರಿ. ಮಗನನ್ನು ಕಲಬುರಗಿಗೆ ಕಳಿಸುವುದು ಅವರ ಮನಸ್ಸಿನಲ್ಲಿ ಆಗಿಹೋಗಿತ್ತು, ಸುಮ್ಮನೆ ನೋಡಲು ಬಂದಿದ್ದರು. ಅವರು ಕಳಿಸಿದರೆ ಅವರ ಓಣಿಯವರೆಲ್ಲ ಕಳಿಸುತ್ತಾರೆ ಎಂದು ನಮಗೆ ಗೊತ್ತಿತ್ತು.

ಹುಡುಗಿ ಮಕ್ಕಳೇ ಮಾಡಿ ಗೋಡೆಗೆ ಹಚ್ಚಿದ ಚಾರ್ಟುಗಳ ಮುಂದೆ ನಿಂತು ಶುರು ಮಾಡಿದಳು. ಗಣಿತ ಗಣಿತದಲ್ಲೇ ಇತ್ತು, ವಿಜ್ಞಾನ ವಿಜ್ಞಾನದಲ್ಲೇ. ಆದರೆ ದನಿ ಬಸ್ ನಿಲ್ದಾಣದ ಮೈಕಿನದಾಗಿತ್ತು. ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂದು ಒಪ್ಪಿಸುವಷ್ಟರಲ್ಲಿ ಹಿಂದಿನ ಸಾಲಿನವರು ಆಕಳಿಸಿದರು. ಕೆಲವರು ಫೋನು ತೆಗೆದರು. ನನಗೆ ಜಿಲ್ಲೆಯ ಆ ತುದಿಯ ಊರಿನ ಬಸ್ಸು ಕಣ್ಣ ಮುಂದೆ ನಿಂತಿತು.

ವ್ಯಾಪಾರಿ ಎದ್ದರು. "ಏ ತಂಗಿ, ಬಾಯಿಪಾಠ ಬ್ಯಾಡ. ನನಗ ತಿಳಿಯಂಗ ಹೇಳು."

ಹುಡುಗಿ ನನ್ನ ಕಡೆ ನೋಡಿದಳು. ಬೇಲಿ ಕಾಯುವ ಶಕ್ತಿ ನನ್ನಲ್ಲೂ ಉಳಿದಿರಲಿಲ್ಲ. ಹೇಳು ಎಂದು ತಲೆಯಾಡಿಸಿದೆ.

"ತೊಗರಿ ಒಡದ್ರ ಬ್ಯಾಳಿ ಆಗ್ತದಲ್ರೀ ಕಾಕಾ. ಸಿಪ್ಪಿ ಅಷ್ಟೇ ಹೋತು, ಒಳಗಿಂದು ಅದೇ ಉಳೀತು. ಕನ್ನಡದಾಗ ಲೋಪ ಸಂಧಿ, ವಿಜ್ಞಾನದಾಗ ಭೌತ ಬದಲಾವಣೆ. ಅದೇ ಬ್ಯಾಳಿ ಒಲಿ ಮ್ಯಾಲ ಹೊತ್ತಿ ಕರ್ರಗಾದ್ರ, ಏನ್ ಮಾಡಿದ್ರೂ ತಿರುಗಿ ಬ್ಯಾಳಿ ಆಗಲ್ಲ. ಅದು ಆದೇಶ ಸಂಧಿ. ಅದೇ ರಾಸಾಯನಿಕ ಬದಲಾವಣೆ."

ವ್ಯಾಪಾರಿ ನಗುತ್ತ ಕೂತರು. "ತಿಳೀತು ಬಿಡು. ನಮ್ಮ ಮನ್ಯಾಗ ವಾರದಾಗ ಒಂದೆರಡು ಸಲ ಆದೇಶ ಸಂಧಿ ಆಗ್ತದ," ಅಂದರು. ಪಕ್ಕದಲ್ಲಿದ್ದ ಅವರ ಹೆಂಡತಿ, "ಫೋನಿನ್ಯಾಗ ಕೂತವರು ಉರಿ ಸಣ್ಣ ಮಾಡಿದ್ರ ಆಗತಿದ್ದಿಲ್ಲ," ಅಂದಳು. ಆಮೇಲೆ ಯಾರೂ ಆಕಳಿಸಲಿಲ್ಲ. ವಿಜ್ಞಾನದ ಸರ್ ಕೂಡ ಗೋಡೆಗೆ ಒರಗಿ ನಗುತ್ತಿದ್ದರು.

ಸಾಹೇಬರಿಗೆ ಖುಷಿಯಾಯಿತು. ಹುಡುಗಿಯನ್ನು ಹತ್ತಿರ ಕರೆದು, "ಇಷ್ಟು ವಿಷಯ ಹೇಳಿದಿ. ಇದರಾಗ ನಿನಗ ಯಾವುದು ಭಾಳ ಸೇರ್ತದ?" ಎಂದು ಕೇಳಿದರು.

ನಾವೆಲ್ಲ ಸ್ವಲ್ಪ ಸ್ವಲ್ಪ ಮುಂದೆ ಬಾಗಿದೆವು.

"ಹಿಂದಿರೀ," ಅಂದಳು.

ಹಿಂದಿಯ ಚಾರ್ಟೇ ಅಲ್ಲಿರಲಿಲ್ಲ. ಸಾಹೇಬರು ಗೋಡೆಯ ತುಂಬ ಹುಡುಕಿದರು. "ಹಿಂದಿ ಯಾಕಮ್ಮ?"

"ಹಿಂದಿಗಿ ಟೀಚರ್ ಇಲ್ಲರೀ. ಆ ಪಿರಿಯಡ್ಡಿನ್ಯಾಗ ಉಳಿದ ಎಲ್ಲಾ ವಿಷಯದ ಕೆಲಸ ಮಾಡ್ಕೋತೀವಿ. ಈ ಚಾರ್ಟ್ ಎಲ್ಲಾ ಆಗಲೇ ಮಾಡಿದ್ದು."

ಹೆಡ್ ಮಾಸ್ತರರು ಕೆಮ್ಮಿದರು. ಹಿಂದಿಯ ಸರ್ ವರ್ಗವಾಗಿ ಹೋಗಿ ಬಹಳ ದಿನವಾಗಿತ್ತು, ಬದಲಿಗೆ ಯಾರೂ ಬಂದಿರಲಿಲ್ಲ. ಸಾಹೇಬರು ನಮ್ಮ ಕಡೆ ತಿರುಗಿ, "ನಿಮ್ಮಾಗ ಹಿಂದಿ ಯಾರಿಗೆ ಬರ್ತದ?" ಅಂದರು. ಎಲ್ಲರೂ ನೆಲ ನೋಡಿದೆವು. ಹುಡುಗಿ ಉಪಕಾರ ಮಾಡುವವಳಂತೆ, "ಕನ್ನಡ ಟೀಚರ್‌ಗಿ ಬರ್ತದ್ರೀ. ದಿನಾ ನಮ್ಮ ಅಮ್ಮಿ ಜೋಡಿ ಮಾತಾಡ್ತಾರ," ಎಂದು ನನ್ನನ್ನು ತೋರಿಸಿದಳು.

"ಏನರ ಮಾತಾಡ್ರಿ ನೋಡೂಣು," ಅಂದರು ಸಾಹೇಬರು.

ನನಗೆ ಬರುವುದು ಬಾಳೆಹಣ್ಣಿನ ಗಾಡಿಯ ಮುಂದೆ ಇದು ಕಾಯಿ, ಹಣ್ಣಾದದ್ದು ಕೊಡು ಎನ್ನುವಷ್ಟೇ. ಬೇರೇನೂ ತೋಚದೆ, "ಯೇ ಕಚ್ಚಾ ಹೈ, ಪಕ್ಕಾ ದೇವ್," ಅಂದೆ.

"ಸಾಕು. ಒಂಬತ್ತನೇ ತರಗತಿಗೆ ಇಷ್ಟು ಭಾಳ ಆತು," ಎಂದು ಎದ್ದರು.

ವ್ಯಾಪಾರಿಯ ಮಗ ಇಲ್ಲೇ ಉಳಿದ, ಅವರ ಓಣಿಯ ಹುಡುಗರೂ ಉಳಿದರು. ನಾನೂ ಉಳಿದೆ. ಕನ್ನಡದ ಜೊತೆಗೆ ಈಗ ಹಿಂದಿಯೂ ನನ್ನದೇ, ಬಸ್ಸಿನಲ್ಲಿ ನಿಂತುಕೊಂಡೇ ಹಿಂದಿ ಪಾಠ ಓದಿಕೊಳ್ಳುತ್ತೇನೆ. ಮೊದಲ ದಿನ ನಾನು ಹಿಂದಿ ಪುಸ್ತಕ ಹಿಡಿದು ಒಂಬತ್ತನೇ ತರಗತಿಗೆ ಕಾಲಿಟ್ಟಾಗ ಮಕ್ಕಳೆಲ್ಲ ಕತ್ತರಿ, ಬಣ್ಣ, ಅಂಟು ಹರಡಿಕೊಂಡು ಕೂತಿದ್ದರು. ನನ್ನನ್ನು ನೋಡಿ ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಬಾಳೆಹಣ್ಣಿನವರ ಮಗಳು ಎಲ್ಲರಿಗಿಂತ ನಿಧಾನವಾಗಿ ಎತ್ತಿಟ್ಟಳು.

"ಏನವಾ, ಈಗ ನಿನಗ ಯಾವ ವಿಷಯ ಸೇರ್ತದ?" ಎಂದು ಕೇಳಿದೆ.

ಆಕೆ ಅಂಟಿನ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು. ಆಮೇಲೆ ನನಗಿಂತ ದಣಿದ ದನಿಯಲ್ಲಿ ಹೇಳಿದಳು:

"ಈಗ ಎಲ್ಲಿ ಉಳೀತ್ರೀ ಟೀಚರ್. ಎಲ್ಲಾದಕ್ಕೂ ಒಬ್ಬೊಬ್ಬರು ಅದಾರ."