ಮಗು ಹುಟ್ಟಿದ ಊರು

ಎಲ್ಲ ಅನಾಹುತಕ್ಕೂ ಮೂಲ ಇಲಾಖೆಯ ಪತ್ರದ ಕೊನೆಯ ಸಾಲು: ‘ದತ್ತು ಪಡೆಯುವ ತಂದೆಗೆ ಮಗು ಹುಟ್ಟಿದ ಊರಿನ ಪರಿಚಯ ಇರತಕ್ಕದ್ದು.’ ಮನೆ ಅಳೆದು, ರಕ್ತ ಹೀರಿ, ನೆರೆಹೊರೆಯವರ ಬಾಯಿಗೆಲ್ಲ ಕೋಲು ಹಾಕಿ ಕೇಳಿದ ಮೇಲೆ ಇಲಾಖೆಗೆ ಹೊಳೆದ ಹೊಸ ಬುದ್ಧಿ ಇದು.

‘ಸಂಜೆ ನಾಲ್ಕಕ್ಕೆ ಸಂದರ್ಶನ, ಪಾಸಾದರೆ ಮಗುವನ್ನು ಕರೆದೊಯ್ಯಬಹುದು’ ಎಂಬಲ್ಲಿಗೇ ಸಿಟಿ ಬಸ್ಸಿನ ಕಂಡಕ್ಟರಿಗೆ ಕಣ್ಣು ತುಂಬಿ ಬಂದಿದ್ದರಿಂದ ಅವನು ಮುಂದೆ ಓದಿರಲೇ ಇಲ್ಲ. ಓದಿದವನು ಬಾಮೈದ, ಅದೂ ಮಕ್ಕಳ ಮನೆಯಿದ್ದ ಆ ದೂರದ ಊರಿನ ಲಾಡ್ಜಿನಲ್ಲಿ, ಬೆಳಿಗ್ಗೆ ಏಳಕ್ಕೆ. ಬಾಮೈದ ಕೋರ್ಟಿನಲ್ಲಿ ಜವಾನ. ವಕೀಲರ ಪಾಟಿ ಸವಾಲು ಕೇಳಿ ಕೇಳಿ ಅವನ ನಾಲಿಗೆಗೂ ಕರಿ ಕೋಟು ಬಂದಿತ್ತು.

“ಭಾವ, ಒಂಬತ್ತು ಗಂಟೆ ಟೈಮಿದೆ. ಊರು ನೋಡಿ, ಇಲ್ಲಿನ ತಿಂಡಿ ತಿನ್ನಿ. ‘ಅಪ್ಪಾ, ನಾನು ಹುಟ್ಟಿದೂರಲ್ಲಿ ಏನು ತಿಂತಾರೆ’ ಅಂತ ಮಗು ಕೇಳಿದ್ರೆ ಏನಂತೀರಿ?”

“ಅನ್ನ ಅಂತೀನಿ.”

“ಸಾಕ್ಷಿ ಬಿದ್ದೋಯ್ತು,” ಎಂದ ಬಾಮೈದ, ಅಕ್ಕನ ಕಡೆ ತಿರುಗಿ.

ಆದರೆ ‘ಅಪ್ಪಾ’ ಎಂಬ ಮಾತು ಕಂಡಕ್ಟರಿಗೆ ರೆಕ್ಕೆ ಕಟ್ಟಿಬಿಟ್ಟಿತ್ತು. ಹನ್ನೊಂದು ವರ್ಷ ಕಾದಿದ್ದ. ಆ ನಾಲ್ಕು ವರ್ಷದ ಹುಡುಗಿಯನ್ನು ಫೋನಿನಲ್ಲಿ ಮೂರು ಸಲ ನೋಡಿದ್ದ. ಮೂರು ಸಲವೂ ಅವಳು ಹಣೆ ಮಾತ್ರ ತೋರಿಸಿದ್ದಳು. ಆ ಹಣೆಗಾಗಿ ಅವನು ಊರನ್ನೇ ನುಂಗಲು ಸಿದ್ಧನಾದ.

ಮೊದಲು ಗಡಿಯಾರದ ಗೋಪುರ. ಮುನ್ನೂರ ಹನ್ನೆರಡು ಮೆಟ್ಟಿಲನ್ನು ಎಣಿಸುತ್ತ ಹತ್ತಿದ. ಮುಂದಿನವರು ನಿಂತರೆ ಬೆನ್ನು ತಟ್ಟಿ, “ಮುಂದಕ್ಕೆ ಹೋಗಿ, ಒಳಗೆ ಜಾಗ ಇದೆ” ಎಂದ. ಕಾವಲುಗಾರ ಬಂದು, “ಏನ್ರೀ, ಗೋಪುರ ನಿಮ್ಮ ಬಸ್ಸಾ?” ಎಂದು ಜಾಡಿಸಿದ. ಸರೋವರದಲ್ಲಿ ದೋಣಿ ನಿಲ್ಲುವ ಮೊದಲೇ ಚಾಳಿಯಂತೆ ಇಳಿದ. ಎಡಗಾಲಿನ ಚಪ್ಪಲಿ ನೀರುಪಾಲಾಯಿತು.

ಆಮೇಲೆ ತಿಂಡಿಯ ಬೀದಿ. ಎಲೆಯಲ್ಲಿ ಸುತ್ತಿ ಬೇಯಿಸಿದ್ದು, ಕೋಲಿಗೆ ಚುಚ್ಚಿ ಸುಟ್ಟದ್ದು, ಕುಡಿದರೆ ಕಿವಿಯಲ್ಲಿ ಹೊಗೆ ಬರುವ ಕೆಂಪು ಸಾರು. ಭಾವ ದತ್ತು ಪಡೆಯುವ ಮಗು ಹುಟ್ಟಿದೂರು ಇದು ಎಂಬ ಸುದ್ದಿಯನ್ನು ಬಾಮೈದ ಮೇಜಿಂದ ಮೇಜಿಗೆ ಹಂಚಿದ್ದೇ ತಡ, ಬೀದಿಯೇ ಎದ್ದು ಬಂತು.

“ಇದು ತಿನ್ನದೆ ಅಪ್ಪ ಆಗ್ತಾರೇನ್ರೀ,” ಎಂದು ಅಂಗಡಿಯವಳು ಇನ್ನೊಂದು ತಟ್ಟೆ ಇಟ್ಟಳು.

“ಸಾಕು ಬಿಡ್ರಮ್ಮ, ಮನುಷ್ಯ ಬೇಕು ನಂಗೆ,” ಎಂದಳು ಹೆಂಡತಿ.

“ತಿಂತೀನಿ ಕಣೇ. ಕೇಳಿದ್ರೆ?” ಎಂದ ಕಂಡಕ್ಟರು, ಬೆವರು ಒರೆಸಿಕೊಳ್ಳುತ್ತ.

ನಾಲ್ಕು ಹೊಡೆಯುವಾಗ ಒಂಟಿ ಚಪ್ಪಲಿ, ಸಾರು ಕುಡಿದ ಅಂಗಿ, ಗಾಳಿ ಹೆಚ್ಚಾದ ಟಯರಿನಂಥ ಹೊಟ್ಟೆ ಹೊತ್ತು ಅವನು ಅಧಿಕಾರಿಣಿಯ ಎದುರು ಕೂತಿದ್ದ. ಆಕೆ ಊರಿನ ಬಗ್ಗೆ ಕೇಳಿದ್ದೇ ತಡ, ಕಟ್ಟೆ ಒಡೆಯಿತು. ಗೋಪುರದ ಮೆಟ್ಟಿಲು, ಸರೋವರದ ಆಳ, ಎಲೆಯ ಹೆಸರು, ಸಾರಿನ ಖಾರ, ಒಂದೂ ಬಿಡಲಿಲ್ಲ.

“ಭೇಷ್. ನಾನು ಇಲ್ಲೇ ಹುಟ್ಟಿ ಬೆಳೆದವಳು, ನಂಗೇ ಇಷ್ಟು ಗೊತ್ತಿಲ್ಲ,” ಎಂದರು ಆಕೆ. ಬಾಮೈದ ಕೇಸು ಗೆದ್ದವನಂತೆ ಕಾಲರ್ ಸರಿಮಾಡಿಕೊಂಡ. ಆಕೆ ಸಹಿಗೆಂದು ಕಡತ ತೆರೆದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಆದ್ರೆ ಮಗು ಹುಟ್ಟಿದ್ದು ಇಲ್ಲಲ್ಲ. ನಿಮ್ಮೂರಲ್ಲೇ. ನಿಮ್ಮ ಬಸ್ ಡಿಪೋ ಹಿಂದಿನ ಆಸ್ಪತ್ರೆ. ಅಲ್ಲಿ ಮಕ್ಕಳ ಮನೇಲಿ ಜಾಗ ಇಲ್ಲ ಅಂತ ಇಲ್ಲಿಗೆ ಸಾಗಿಸಿದ್ರು.”

ಹೆತ್ತವರಿಲ್ಲದ ಕೂಸನ್ನು ಗೋದಾಮಿನ ಮೂಟೆಯಂತೆ ಊರಿಂದೂರಿಗೆ ಸಾಗಿಸಿದ ಇಲಾಖೆ ಅದನ್ನು ನಾಚಿಕೆಯಿಲ್ಲದೆ ದುಂಡಗೆ ಬರೆದಿಟ್ಟಿತ್ತು.

“ಒಳ್ಳೇದೇ ಆಯ್ತು, ನಮ್ಮೂರು ಇವರಿಗೆ ಗೊತ್ತಿಲ್ವಾ,” ಎಂದಳು ಹೆಂಡತಿ.

“ಹಾಗಾದ್ರೆ ಹೇಳಲಿ. ನಿಮ್ಮೂರ ಕೋಟೆ?”

“ಏಳನೇ ಸ್ಟಾಪು, ಮೇಡಂ.”

“ಅದರೊಳಗೆ ಏನಿದೆ?”

“ಒಳಗೆ ಬಸ್ ಹೋಗಲ್ಲ.”

“ಕೆರೆ?”

“ಹನ್ನೊಂದನೇದು. ಅಲ್ಲಿ ತುಂಬಾ ಜನ ಹತ್ತುತ್ತಾರೆ.”

ಇಪ್ಪತ್ತು ವರ್ಷ ಜನರ ಮುಖ ನೋಡಿದವನು ಕಿಟಕಿಯಾಚೆ ಯಾವಾಗ ನೋಡಿಯಾನು? ಹೆಂಡತಿ ಬಾಯಿ ತೆರೆದಳು. “ನೀವಲ್ಲ, ತಂದೆ ಅಂತ ಬರೆದಿದೆ” ಎಂದರು ಅಧಿಕಾರಿಣಿ.

“ಹೆತ್ತೋರಿಗೂ ಈ ಪರೀಕ್ಷೆ ಇದೆಯಾ?” ಎಂದಳು ಹೆಂಡತಿ, ಮೆಲ್ಲಗೆ.

“ಅವರು ಅರ್ಜಿ ಹಾಕಲ್ವಲ್ಲಮ್ಮ.” ಮೊಹರು ಬಿತ್ತು. “ನಿಮ್ಮೂರು ನೋಡ್ಕೊಂಡು ಎಂಟು ದಿನ ಬಿಟ್ಟು ಬನ್ನಿ.”

ಬಾಗಿಲಲ್ಲಿ ಆಯಾಳ ಸೆರಗು ಹಿಡಿದು, ಎಲ್ಲ ಕೇಳಿಸಿಕೊಳ್ಳುತ್ತ ಹುಡುಗಿ ನಿಂತಿದ್ದಳು. ಈಗ ಹಣೆಯ ಕೆಳಗೆ ಎರಡು ಕಣ್ಣೂ ಒಂದು ಮೂಗೂ ಇದ್ದವು. ಕಂಡಕ್ಟರು ಅವಳ ಬಳಿ ಹೋದ. ಮಂಡಿಯೂರಿ ಎಂಟು ಬೆರಳು ಎತ್ತಿ ತೋರಿಸಿದ. ಅವಳು ಒಂದೊಂದನ್ನೇ ಮುಟ್ಟಿ ನೋಡಿದಳು. ಆಮೇಲೆ ಕೊನೆಯದೊಂದನ್ನು ಹಿಡಿದು ಮಡಚಿಬಿಟ್ಟಳು.

“ಇವತ್ತಿಂದು ಮುಗೀತು,” ಎಂದಳು.