ವಿಮಾನದ ಮನೆ

“ಇಳಿಸ್ತೀಯೋ ಇಲ್ಲೋ ಲೇ ಜಡೆಪ್ಪ? ನನ್ ಹೆಂಡ್ತಿಗೆ ಜ್ವರ ಬಂದು ಕೈಕಾಲು ಹಿಡ್ಕಂಡಾವ. ನಿನ್ ವಿಮಾನ ನೆಟ್ಟಗ ನಮ್ಮ ತಲಬಾಗ್ಲಿಗೆ ಬಂದೂಕು ಹಿಡ್ದು ಕುಂತೈತಿ!”

“ಊರಿಗೆಲ್ಲ ಚಿಕೂನ್‌ಗುನ್ಯಾ ಬಂದೈತಿ ಮರಿಸ್ವಾಮಿ. ಊರಿಗೆಲ್ಲ ನನ್ ವಿಮಾನ ಗುರಿ ಇಟ್ಟೈತೇನು?”

“ಊರಿನ ಸುದ್ದಿ ನನಗ್ಯಾಕ? ನಮ್ಮನಿಗೆ ಬಂದಿದ್ದು ನಿನ್ನ ವಿಮಾನದ್ದು!”

ಹೊಸಪೇಟೆಯ ಆ ಓಣಿಯಲ್ಲಿ ಬೆಳಗಿನ ಚಹಾಕ್ಕೆ ಮೊದಲೇ ಜಗಳ ಕುದಿಯುತ್ತಿತ್ತು. ಬೇರೆ ದಿನವಾಗಿದ್ದರೆ ಜಡೆಪ್ಪ ಪಕ್ಕದ ಮನೆಯ ಮರಿಸ್ವಾಮಿಯ ಮೇಲೆ ಅಂಗಿಯ ತೋಳು ಮಡಚುತ್ತಿದ್ದ. ಇವತ್ತು ಕೈಕಟ್ಟಿ ನಿಂತ. ಮಧ್ಯಾಹ್ನದ ಮೇಲೆ ಕಂಪ್ಲಿಯ ಅಕ್ಕಿ ಗಿರಣಿಯ ಬಸವಕುಮಾರ್ ತನ್ನ ಮಗನಿಗೆ ಜಡೆಪ್ಪನ ಮಗಳು ಪೂಜಿತಾಳನ್ನು ನೋಡಲು ಬರುವವನಿದ್ದ. ಸಂಬಂಧ ತಂದ ಮಾರೆಪ್ಪನೂ ಅದೇ ಜ್ವರ ಹಿಡಿದು ಮಲಗಿದ್ದರಿಂದ ಅವರಷ್ಟಕ್ಕೆ ಅವರೇ ಬರುತ್ತಿದ್ದರು. ಮಗಳಿಗೆ ಬಂದ ಸಂಬಂಧಗಳೆಲ್ಲ ಒಂದೊಂದಾಗಿ ತಪ್ಪಿ, ಇದೊಂದು ಉಳಿದಿತ್ತು. ಬಂದವರ ಕಿವಿಗೆ ಈ ಕೂಗಾಟ ಬಿದ್ದರೆ ಕಾರಿನಿಂದ ಇಳಿಯುವುದೂ ಇಲ್ಲ.

ತಪ್ಪೆಲ್ಲ ಆ ವಿಮಾನದ್ದೇ. ಅದಿರಿನ ಧೂಳಿನ ಜೊತೆ ದುಡ್ಡೂ ಹಾರುತ್ತಿದ್ದ ಕಾಲ. ದೊಡ್ಡ ಗಣಿಯವರು ಹೆಲಿಕಾಪ್ಟರಿನಲ್ಲಿ ಓಡಾಡಿದರೆ, ಸಣ್ಣವರು ಮಹಡಿಯ ನೀರಿನ ಟ್ಯಾಂಕಿನ ಮೇಲೆ ಹದ್ದು, ಕಮಲ, ಫುಟ್‌ಬಾಲು ಕೂರಿಸಿ ಸಮಾಧಾನಪಡುತ್ತಿದ್ದರು. ಒಂದೇ ಒಂದು ಟಿಪ್ಪರಿನ ಒಡೆಯ ಜಡೆಪ್ಪ ಬೆಂಗಳೂರಿನ ವಿಮಾನ ಪ್ರದರ್ಶನಕ್ಕೆ ಹೋಗಿ, ಒಂದು ಸಣ್ಣ ಯುದ್ಧವಿಮಾನಕ್ಕೆ ಮನಸೋತು ಬಂದಿದ್ದ. ಅದರ ಮೂಗಿಗೆ ಫ್ಯಾನು. ಅದನ್ನು ತಿರುಗಿಸಲು ಒಳಗೆ ಜೆಟ್ಟಿನ ಜಾತಿಯ ಇಂಜಿನು. ರೆಕ್ಕೆಯ ಕೆಳಗೆ ಬಂದೂಕು, ಬಾಂಬು. ಸೀಟು ಎರಡೇ. “ಮುಂದೆ ಕಲಿಯೋನು ಕೂರ್ತಾನೆ, ಹಿಂದೆ ಕಲಿಸೋನು. ಹ್ಯಾಂಡಲ್ ಇಬ್ರಿಗೂ ಇರುತ್ತೆ. ಕಲಿಯೋಕೂ ಆಯ್ತು, ಹೊಡೆಯೋಕೂ ಆಯ್ತು” ಎಂದು ಅಲ್ಲಿದ್ದವನೊಬ್ಬ ವಿವರಿಸಿದ್ದ.

ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಮರುಳಸಿದ್ದಮ್ಮ, “ನಮ್ಮ ಸಂಸಾರನೂ ಹಂಗ ಐತಲ್ರಿ. ನೀವು ಮುಂದ, ನಾ ಹಿಂದ. ನನ್ ಕೈಗೆ ಹ್ಯಾಂಡಲ್ ಕೊಟ್ಟಿಲ್ಲ, ಅಷ್ಟ” ಎಂದಿದ್ದಳು. ಜಡೆಪ್ಪ ಹೊಗಳಿಕೆ ಎಂದುಕೊಂಡು ಮೀಸೆ ತಿರುವಿದ್ದ.

ಲಾರಿಗೆ ಬಾಡಿ ಕಟ್ಟುವ ಹುಲಿಗೇಶ್ ತಗಡಿನಲ್ಲಿ ವಿಮಾನ ಕಟ್ಟಿ ಜಡೆಪ್ಪನ ಟ್ಯಾಂಕಿನ ಮೇಲೆ ಕೂರಿಸಿದ. ಹಳೇ ಟಿಪ್ಪರಿನ ಫ್ಯಾನು ಮೂಗಾಯಿತು, ನೀರಿನ ಪೈಪು ಬಂದೂಕಾಯಿತು, ಅದರ ತುಂಡು ಬಾಂಬಾಯಿತು. ಲಾರಿ ಕಟ್ಟಿದ ಕೈ ಸುಮ್ಮನಿರಬೇಕಲ್ಲ! ಬಾಲದ ಮೇಲೆ ‘ಹಾರ್ನ್ ಮಾಡಿ’ ಎಂದು ಬರೆದು, ಮೂಗಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಅಂದಿನಿಂದ ಜಡೆಪ್ಪನ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುವ ಆಟೋದವರೂ ‘ವಿಮಾನದ ಮನೆ’ ಎಂದರೆ ಕಣ್ಣು ಮುಚ್ಚಿಕೊಂಡು ಬರುವಂತಾಯಿತು.

“ಇಷ್ಟಕ್ಕ ಯಾಕ ಜಗಳ ಜಡೆಪ್ಪಣ್ಣ? ಲಾರಿ ಗಾಲಿ ಹಬ್ಬಿನ ಮ್ಯಾಲ ಕುಂದ್ರಿಸೀನಿ. ಎತ್ತ ಬೇಕಾದ್ರ ಅತ್ತ ತಿರುಗ್ತೈತಿ” ಎನ್ನುತ್ತ, ಕೂಗಾಟ ಕೇಳಿ ಬಂದಿದ್ದ ಹುಲಿಗೇಶ್ ಮಹಡಿ ಹತ್ತಿ ಮೂಗನ್ನು ಪಡುವಣಕ್ಕೆ ತಿರುಗಿಸಿದ.

ಆ ಮಗ್ಗುಲಲ್ಲಿ ಮಿರ್ಚಿ ಕರಿಯುವ ಉಚ್ಚೆಂಗಮ್ಮನ ಮನೆ. ಮುದುಕಿ ಜಾಲರಿ ಸೌಟು ಹಿಡಿದೇ ಓಡಿಬಂದಳು. “ಏ ತಮ್ಮಾ, ಆ ಬಾಂಬು ಜಾರಿದ್ರ ಸೀದಾ ನನ್ ಎಣ್ಣಿ ಬಾಣಲಿಗೇ ಬೀಳೋದು. ತಿರುಗಿಸ್ತೀಯೋ, ಇದೇ ಎಣ್ಣಿ ಸುರೀಲೋ?”

ತೆಂಕಣಕ್ಕೆ ತಿರುಗಿಸಿದರು. ಮರುಳಸಿದ್ದಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಹೊರಬಂದಳು. “ನೆಟ್ಟಗ ವಡ್ಡಿಗೆ ಗುರಿ ಇಟ್ರೇನ್ರಿ? ನನ್ ತವರು ನಿಮಗೇನು ಮಾಡೈತಿ?”

ಬಡಗಣಕ್ಕೆ ತಿರುಗಿಸಿದರು. “ಅದು ಕಂಪ್ಲಿ ದಿಕ್ಕಲ್ಲೇನೋ!” ಎಂದು ಉಚ್ಚೆಂಗಮ್ಮ ಹಣೆ ಬಡಿದುಕೊಂಡಳು. “ಬೀಗರು ಬರೋ ದಿಕ್ಕಿಗೇ ಬಂದೂಕು ಹಿಡೀತೀಯಾ? ಹೆಣ್ಣು ಕೊಡ್ತೀಯೋ, ಗುಂಡು ಹೊಡೀತೀಯೋ?”

ದೇವರು ನಾಲ್ಕೇ ದಿಕ್ಕು ಮಾಡಿದ್ದಕ್ಕೆ ಜಡೆಪ್ಪನಿಗೆ ಅಳು ಬಂತು. “ಯಾವ ದಿಕ್ಕೂ ಬ್ಯಾಡ. ಬಿಟ್ಟುಬಿಡು, ತನ್ ಪಾಡಿಗೆ ತಿರುಗ್ಲಿ” ಎಂದ. ಹುಲಿಗೇಶ್ ಬೋಲ್ಟು ಸಡಿಲಿಸಿದ್ದೇ ತಡ, ಗಾಳಿ ಬೀಸಿತು. ವಿಮಾನ ದೆವ್ವ ಹಿಡಿದ ಎಮ್ಮೆಯಂತೆ ಗಿರ್ರನೆ ತಿರುಗಿ, ಒಂದೇ ಉಸಿರಿಗೆ ಓಣಿಯ ಎಲ್ಲರಿಗೂ ಗುರಿ ಇಟ್ಟಿತು. ಎಲ್ಲರೂ ಒಟ್ಟಿಗೇ ಕಿರುಚಿದರು.

“ಇಳಿಸಪ್ಪ” ಎಂದು ಜಡೆಪ್ಪ ಮೆಟ್ಟಿಲ ಮೇಲೆ ಕುಸಿದ. “ಇಳಿಸಿಬಿಡು. ನನ್ ಮಗಳ ಮದುವಿ ಆದ್ರ ಸಾಕು.”

ಹಗ್ಗ ಕಟ್ಟಿ ಇಳಿಸಿದರು. ಇಡುವುದೆಲ್ಲಿ? ಜಡೆಪ್ಪನ ಅಂಗಳದಲ್ಲಿ ಬೀಗರಿಗೆಂದು ಶಾಮಿಯಾನ ಹಾಕಿ ಕುರ್ಚಿ ಜೋಡಿಸಿತ್ತು. ಆಗ, ಬೆಳಗಿನಿಂದ ಬೈದು ಗಂಟಲು ಒಣಗಿಸಿಕೊಂಡಿದ್ದ ಮರಿಸ್ವಾಮಿಯೇ ಕರಗಿದ. “ನಮ್ಮ ಅಂಗಳದಾಗ ಇಡು ತಗಾ. ಬಾಲ ನಮ್ಮ ಕಡಿ, ಮೂತಿ ರಸ್ತೆ ಕಡಿ ಇದ್ರ ದೋಷ ಇಲ್ಲ. ನಿನ್ ಮಗಳು ಬ್ಯಾರೆ ಅಲ್ಲ, ನನ್ ಮಗಳು ಬ್ಯಾರೆ ಅಲ್ಲ.” ಅವನ ಮಗಳು ಕಾವ್ಯ ಹೊತ್ತು ತಂದವರಿಗೆಲ್ಲ ಮಜ್ಜಿಗೆ ಕೊಟ್ಟಳು. ಜಡೆಪ್ಪ ಕಣ್ಣೊರೆಸಿಕೊಂಡ. ನೆರೆಯವರೆಂದರೆ ಹೀಗಿರಬೇಕು ಅನಿಸಿತು.

ಓಣಿ ತಣ್ಣಗಾಯಿತು. ಪೂಜಿತಾ ಸೀರೆ ಉಟ್ಟು ಕೂತಳು. ಉಪ್ಪಿಟ್ಟು ಆರಿತು. ಉಚ್ಚೆಂಗಮ್ಮ ಕೊಟ್ಟು ಹೋದ ಮಿರ್ಚಿ ಮೆತ್ತಗಾದವು. ಬಿಸಿಲು ಇಳಿದರೂ ಕಂಪ್ಲಿಯವರ ಸುಳಿವಿಲ್ಲ. ಜಡೆಪ್ಪ ಮಾರೆಪ್ಪನಿಗೆ ಫೋನು ಹಚ್ಚಿದ.

“ಆಗಲೇ ಬಂದಿರ್ಬೇಕಲ್ಲಪ್ಪ!” ಮಾರೆಪ್ಪ ನರಳಿದ. “ಬಾಜಾರದಾಗ ಯಾರನ್ನಾರ ಕೇಳ್ರಿ, ವಿಮಾನದ ಮನಿ ಅಂದ್ರ ತೋರಿಸ್ತಾರ ಅಂದೀನಿ. ವಿಮಾನ ಏನು ಹಾರಿಹೋಗ್ತೈತೇನು?”

ಜಡೆಪ್ಪ ತಲೆ ಎತ್ತಿ ಬೋಳು ಟ್ಯಾಂಕು ನೋಡಿದ. ಅದೇ ಹೊತ್ತಿಗೆ ಪಕ್ಕದ ಮನೆಯಿಂದ ಗಂಡಸರ ನಗು ಕೇಳಿಸಿತು.

ಓಡಿದ. ಮರಿಸ್ವಾಮಿಯ ಗೇಟಿನಲ್ಲಿ ವಿಮಾನ, ವಿಮಾನದ ಹಿಂದೆ ಬಿಳೀ ಕಾರು. ಪಡಸಾಲೆಯಲ್ಲಿ ಬಸವಕುಮಾರ್ ಪೇಡೆ ಜಗಿಯುತ್ತಿದ್ದ. ಹುಡುಗ ಕಣ್ಣು ಕೀಳದೆ ಕಾವ್ಯಳನ್ನು ನೋಡುತ್ತಿದ್ದ. ಬೆಳಗ್ಗೆ ಕೈಕಾಲು ಹಿಡಿದುಕೊಂಡಿದ್ದ ಮರಿಸ್ವಾಮಿಯ ಹೆಂಡತಿ ಬುಗುರಿಯಂತೆ ಓಡಾಡುತ್ತ ಚಹಾ ಕೊಡುತ್ತಿದ್ದಳು.

“ಯಜಮಾನ್ರ, ನಾನು ಜಡೆಪ್ಪ. ನೀವು ಬರ್ಬೇಕಾಗಿದ್ದು ನಮ್ಮನಿಗೆ...”

ಬಸವಕುಮಾರ್ ಎದ್ದು ಕೈಮುಗಿದ. “ಆಮ್ಯಾಲ ತಿಳೀತ್ರಿ. ವಿಮಾನ ನೋಡಿ ಇಳಿದ್ವಿ, ಇವರು ಬರ್ರಿ ಕುಂದ್ರಿ ಅಂದ್ರು. ಹೆಸರು ಕೇಳೋದ್ರಾಗ ನಮ್ಮ ಹುಡುಗ ಒಪ್ಪಿಬಿಟ್ಟಿದ್ದ. ಬಾಯಿನೂ ಸಿಹಿ ಮಾಡ್ಕಂಡ್ವಿ. ಈಗ ಹ್ಯಾಂಗ ಎದ್ದು ಬರೋದು, ನೀವ ಹೇಳ್ರಿ.”

“ನಾ ಏನು ಕರೀಲಿಲ್ಲಪ್ಪ, ನಿನ್ ವಿಮಾನ ಕರೀತು” ಎಂದ ಮರಿಸ್ವಾಮಿ, ಜಡೆಪ್ಪನ ಹೆಗಲ ಮೇಲೆ ಕೈಹಾಕಿ ಗೇಟಿನವರೆಗೂ ಕರೆತಂದು ದನಿ ತಗ್ಗಿಸಿದ. “ಮದುವಿ ಮುಗಿಯೋತನಕ ಇದು ಇಲ್ಲೇ ಇರ್ಲಿ. ಇಲ್ಲಾಂದ್ರ ಬೀಗರ ಕಡ್ಯೋರಿಗೆ ಮನಿ ಸಿಗಂಗಿಲ್ಲ.”

ಜಡೆಪ್ಪ ಹಿಂತಿರುಗುವಷ್ಟರಲ್ಲಿ ಸುದ್ದಿ ಗೋಡೆ ಹಾರಿ ಮನೆ ಸೇರಿತ್ತು. ಪೂಜಿತಾ ಹಳೇ ಚೂಡಿದಾರ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಮರುಳಸಿದ್ದಮ್ಮನ ಕೈಯಲ್ಲಿ ಬಟ್ಟೆಯ ಚೀಲ.

“ಎಲ್ಲಿಗಿದು?”

“ವಡ್ಡಿಗೆ. ಹಿಂದಿನ ಸೀಟಿನಾಗ ಕುಂತು ಕಲಿಸಿದ್ದು ಸಾಕಾತ್ರಿ. ಇನ್ನ ನೀವೊಬ್ರ ಹಾರಿಸ್ಕಳ್ರಿ.”

“ಉಪ್ಪಿಟ್ಟರ ತಿಂದು ಹೋಗ್ರೇ...” ಎಂದ ಜಡೆಪ್ಪ.

ತಾಯಿ ಮಗಳು ಖಾಲಿ ಕುರ್ಚಿಗಳ ನಡುವೆ ಹಾದು, ವಿಮಾನವನ್ನು ದಾಟಿ, ಬಸ್‌ಸ್ಟ್ಯಾಂಡಿನ ಕಡೆ ತಿರುಗಿದರು. ವಡ್ಡಿಗೆಂದು ಅವರು ಹತ್ತಿದ ಸಂಡೂರಿನ ಬಸ್ಸು ಮರುದಿನ ಬೆಳಗ್ಗೆ ಹೊಸಪೇಟೆಗೆ ವಾಪಸು ಬಂತು. ಅವರು ಬರಲಿಲ್ಲ.